ಹುಳು ಮುಟ್ಟದ ಓಲೆ

ಬಹಳ ಹಿಂದೆ, ಅಂದರೆ ಈ ಪತ್ರಿಕೆಯ ಯಾವ ಓದುಗರಿಗೂ ಸಂಬಂಧವಿಲ್ಲದಷ್ಟು ಹಿಂದೆ, ಪುರಾಣಾವತಿ ಎಂಬ ರಾಜ್ಯವಿತ್ತು. ಉದ್ಘಾಟನೆಗಳ ನಡುವೆ ಬಿಡುವಾದಾಗ ಶ್ರೀಮನ್ಮಹಾರಾಜ ಪ್ರಚಂಡಶೇಖರರು ಅದನ್ನು ಆಳುತ್ತಿದ್ದರು.

ಒಮ್ಮೆ ಪ್ರಭುಗಳು ಅರಮನೆಯ ಗ್ರಂಥಭಂಡಾರಕ್ಕೆ ಚಿತ್ತೈಸಿ, ತಾಳೆಗರಿಯ ಒಂದು ಕಟ್ಟು ಬಿಚ್ಚಿದರು. ವಂಶದ ಚರಿತ್ರೆ ಪುಡಿಪುಡಿಯಾಗಿ ಅವರ ರೇಷ್ಮೆ ಪಂಚೆಯ ಮೇಲೆ ಸುರಿಯಿತು. ಉಳಿದದ್ದರಲ್ಲಿ ಅಕ್ಷರಕ್ಕಿಂತ ತೂತೇ ಹೆಚ್ಚು. ಸಂರಕ್ಷಣೆಯ ಅನುದಾನವನ್ನು ಹುಳುಗಳಿಗಿಂತ ಮೊದಲೇ ತಿಂದು ಮುಗಿಸಿದ್ದ ಸಂಸ್ಕೃತಿ ಮಂತ್ರಿ ವಾಗ್ಭೂಷಣರು ಒಂದಿಷ್ಟೂ ಅಳುಕಲಿಲ್ಲ.

"ಮಹಾಪ್ರಭು, ಇದು ಪ್ರಾಚೀನತೆಯ ರಾಜಮುದ್ರೆ! ಹೊಸ ಮಾಲನ್ನು ಹುಳು ಮೂಸಿಯೂ ನೋಡುವುದಿಲ್ಲ. ತೂತು ಹೆಚ್ಚಿದಷ್ಟೂ ಇತಿಹಾಸ ಹೆಚ್ಚು. ನೆರೆರಾಜ್ಯದವರ ಗ್ರಂಥಗಳನ್ನು, ಪಾಪ, ಈಗಲೂ ಓದಬಹುದು!"

"ಹಾಗಾದರೆ ನಾವೇ ಮುಂದೆ," ಎಂದು ಪ್ರಭುಗಳು ಪಂಚೆ ಕೊಡವಿಕೊಂಡರು.

ಮರುದಿನವೇ ರಾಜಾಜ್ಞೆ ಹೊರಟಿತು. ತೂತಿಲ್ಲದ ಓಲೆ ಖೋಟಾ. ತೂತಿಗೆ ತಕ್ಕಂತೆ ಅನುದಾನ. ಓಲೆಗೆ ಎಣ್ಣೆ ಸವರುವುದು, ಬೇವಿನೆಲೆ ಇಡುವುದು ಇತಿಹಾಸ ತಿರುಚುವ ಅಪರಾಧ. ಗ್ರಂಥಾಲಯಗಳ ಮುಖ್ಯಸ್ಥರು ಅಟ್ಟಕ್ಕೆ ನೀರು ಚಿಮುಕಿಸಿ, ಹುಳುಗಳ ಯೋಗಕ್ಷೇಮ ವಿಚಾರಿಸತೊಡಗಿದರು. ಗ್ರಂಥ ಸಂರಕ್ಷಣೆಗೆಂದು ಭವ್ಯ ಭವನವೂ ಮಂಜೂರಾಯಿತು. ಜಾಗ ಬೇಕಿತ್ತು; ಹೊಂಗೆಹಳ್ಳಿಯ ಕೆರೆಯನ್ನು ಮುಚ್ಚುವುದೆಂದು ತೀರ್ಮಾನಿಸಿದರು.

ಆ ಊರಿನ ಹಿರಿಯಳು ಪುಟ್ನಂಜಮ್ಮ ಓಲೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಆಸ್ಥಾನಕ್ಕೆ ಬಂದಳು.

"ಬುದ್ಧೀ, ಕೆರೆ ಊರಿಂದು ಅಂತ ನಿಮ್ಮ ಮುತ್ತಾತ್ನೋರೇ ಬರ್ಸಿಕೊಟ್ಟವ್ರೆ. ನಮ್ಮತ್ತೆ ಎಣ್ಣೆ ಸವರಿ ಕಾಪಾಡಿದ್ರು, ಆಮ್ಯಾಕೆ ನಾನು. ಒಂದಕ್ಸರ ಮಾಸಿಲ್ಲ, ಓದಿ ನೋಡಿ. ಕೆರೆ ಮುಚ್ಚುದ್ರೆ ಕುಡಿಯೋ ನೀರ್ಗೆ ನಾವೆಲ್ಲಿಗೆ ಹೋಗಾನ?"

ಪ್ರಭುಗಳು ಸರಾಗವಾಗಿ ಓದಿದರು. ಅದೇ ತಪ್ಪಾಯಿತು.

"ವಾಗ್ಭೂಷಣ, ಇದು ಅರ್ಥವಾಗುತ್ತಿದೆಯಲ್ಲ!"

"ಖೋಟಾ ಎನ್ನುವುದಕ್ಕೆ ಅದೇ ಪುರಾವೆ, ಪ್ರಭು. ಆದರೂ ನಮ್ಮದು ಪಾರದರ್ಶಕ ಆಡಳಿತ. ತಜ್ಞರ ಸಮಿತಿಗೆ ಒಪ್ಪಿಸೋಣ."

ತಜ್ಞರ ಸಮಿತಿಯೆಂದರೆ ಅರಮನೆಯ ಹುಳುಗಳು. ಓಲೆಯನ್ನು ಅವುಗಳ ಪೆಟ್ಟಿಗೆಗೆ ಹಾಕಿದರು. ಅತ್ತೆ ಸೊಸೆಯರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಹಿಡಿ ಪುಡಿಯಾಯಿತು. ಬರೆಯುವಾಗ ನನಗೇ ಹೊಟ್ಟೆ ಉರಿಯುತ್ತದೆ. ಸಮಿತಿಯ ವರದಿ ಮಾತ್ರ ಪುಟ್ನಂಜಮ್ಮನ ಪರವಾಗಿಯೇ ಬಂತು: ಓಲೆ ಅಸಲಿ, ಪರಮ ಪ್ರಾಚೀನ. ಆದರೆ ಅದರಲ್ಲಿ ಏನು ಬರೆದಿತ್ತೆಂದು ಹೇಳಲು ಬರುವುದಿಲ್ಲ.

"ಅವತ್ತು ನೀವೇ ಓದಿದ್ರಲ್ಲ, ಬುದ್ಧೀ?"

"ನಾವು ಓದಿದ್ದು ಅದು ಖೋಟಾ ಆಗಿದ್ದಾಗ, ತಾಯಿ," ಎಂದರು ಪ್ರಭುಗಳು, ಬಹಳ ಮೃದುವಾಗಿ.

ಕೆರೆ ಮುಚ್ಚಿದರು, ಭವನ ಎದ್ದಿತು. ವಾಗ್ಭೂಷಣರಿಗೆ 'ಗ್ರಂಥರಕ್ಷಾಮಣಿ' ಬಿರುದು ಸಿಕ್ಕಿತು; ಪ್ರಜೆಗಳಿಗೆ ಹುಳುಗಳ ಪಾಲನೆಗೆಂದು ಒಂದು ಸೆಸ್ ಸಿಕ್ಕಿತು. ಪುಡಿಯನ್ನು ಚಿನ್ನದ ಕರಡಿಗೆಯಲ್ಲಿಟ್ಟು, ನೋಡಲು ಟಿಕೆಟ್ ಇಟ್ಟರು.

ಪುಟ್ನಂಜಮ್ಮನೂ ಸಾಲಿನಲ್ಲಿ ನಿಂತು, ಟಿಕೆಟ್ ಕೊಂಡು, ತನ್ನ ಓಲೆಯನ್ನು ನೋಡಿ ಬಂದಳು. ಬಿಸಿಲಿಗೆ ಬಾಯಾರಿತ್ತು. ಮೊದಲು ಕೆರೆಯ ಮೆಟ್ಟಿಲಿದ್ದ ಕಡೆ ನೀರಿನ ಬಾಟಲಿ ಮಾರುತ್ತಿದ್ದರು. ಒಂದು ಕೊಂಡಳು. ಅದರ ಬೆಲೆಯಲ್ಲೂ ಹುಳುಗಳ ಸೆಸ್ ಸೇರಿತ್ತು.