ತಲೆ ಸವರದ ಸೇರು

ನನ್ನ ನಾದಿನಿಯನ್ನು ಹತ್ತು ಸೆಕೆಂಡ್ ಸುಮ್ಮನಿರಿಸಿದವರಿಗೆ ಪ್ರೈಜ್ ಕೊಡುತ್ತೇನೆಂದು ನಾನು ಅವಳ ಊರು ಯಲಬುರ್ಗಾದ ತುಂಬ ಸಾರಿಬಿಟ್ಟಿದ್ದೆ. ಅವಳ ಗಂಡ ಸೋತ. ಹಲ್ಲಿನ ಡಾಕ್ಟರೂ ಸೋತರು. ಬಾಯಲ್ಲಿ ಇಕ್ಕಳ ಇರುವಾಗಲೇ ಅವರ ಮಗಳಿಗೆ ಕುಷ್ಟಗಿಯ ವರನನ್ನು ಗೊತ್ತು ಮಾಡಿ ಎದ್ದುಬಂದಳು! ಕೊನೆಗೆ ಪ್ರೈಜ್ ಗೆದ್ದದ್ದು ಒಂದು ಮಷೀನು ಎಂದರೆ ನಂಬುತ್ತೀರಾ?

ಮಾತಿನಷ್ಟೇ ದೊಡ್ಡ ಹುಚ್ಚು ಅವಳಿಗೆ ಅಳತೆಯದು. ಗಂಡನದು ಕಾಳುಕಡಿ ಅಂಗಡಿ. ಸೇರು ತುಂಬಿಸಿ, ಅಂಗೈಯಿಂದ ಅದರ ತಲೆ ಸವರಿ ಕೊಡುವುದು ಅಂಗಡಿಯ ರೂಢಿ. ಇವಳಿಗೆ ಸವರುವುದೆಂದರೆ ಪಾಪ! ಜೋಳ ಸೇರಿನ ಮೇಲೆ ಗುಡ್ಡವಾಗಿ ನಿಲ್ಲಬೇಕು, ಇನ್ನೊಂದು ಕಾಳು ಹಾಕಿದರೆ ಜಾರಬೇಕು. ಬೇಸತ್ತು ಗಂಡ ತಕ್ಕಡಿ ತಂದ. ತೂಗಿ ಆದಮೇಲೆ ಒಂದು ಬೊಗಸೆ ಸುರಿದಳು. ಅವನು ಕೈಮುಗಿದು ಮನೆಗೆ ಕಳಿಸಿದ. ಮನೆಯಲ್ಲಿ ಚಹಾದ ಸರದಿ! ಕಪ್ಪು ತುಂಬಿ ಬಸಿಗೆ ಇಳಿಯದಿದ್ದರೆ ಅದು ಚಹಾ ಅಲ್ಲ. ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿತ ನಾನು ಕಪ್ಪಿನ ಮೇಲೆ ಅಂಗೈ ಹಿಡಿದು “ಎನಫ್, ಎನಫ್” ಎಂದು ಒದರುತ್ತಲೇ ಮುದುಕಿಯಾದೆ.

ಹೀಗಿದ್ದವಳ ಪುಪ್ಪುಸದಲ್ಲಿ ಕೆಲವು ವರ್ಷಗಳ ಹಿಂದೆ ಶೇಂಗಾ ಕಾಳಿನಷ್ಟು ಗಂಟು ಕಾಣಿಸಿತು. ಕ್ಯಾನ್ಸರ್. ಹೃದಯ ವೀಕು, ಆಪರೇಷನ್ ಬೇಡ ಎಂದರು. ಉಳಿದದ್ದು ರೇಡಿಯೇಷನ್. ನಾನೇ ಜೊತೆಗೆ ಹೋದೆ.

ಅಲ್ಲೊಂದು ತೊಡಕು. ಉಸಿರಾಡಿದಂತೆ ಗಂಟೂ ಮೇಲೆ ಕೆಳಗೆ ಓಡಾಡುತ್ತದೆ. ಕಿರಣ ಬೀಳುವಷ್ಟು ಹೊತ್ತು ಉಸಿರು ಹಿಡಿದು ಮಲಗಬೇಕು. ಬಿಟ್ಟರೆ ಕಿರಣ ತಾನೇ ನಿಲ್ಲುತ್ತದೆ. ಹಿಡಿಯಲಾಗದಿದ್ದರೆ ಸುತ್ತಲಿನ ಒಳ್ಳೆಯ ಪುಪ್ಪುಸವನ್ನೂ ಅಗಲವಾಗಿ ಸುಡಬೇಕಾದೀತು ಎಂದರು ಡಾಕ್ಟರು. ಇವಳಿಗೆ ಉಸಿರೆಂದರೆ ಮಾತು, ಮಾತೆಂದರೆ ಉಸಿರು! ಪ್ರಾಕ್ಟೀಸಿಗೆಂದು ಮಲಗಿಸಿದರು. ಎಲ್ಲರೂ ಪರದೆ ನೋಡುತ್ತ ನಿಂತೆವು. ಕ್ಷಣ ಕಳೆಯುವುದರೊಳಗೆ ಸ್ಪೀಕರಿನಲ್ಲಿ ಅತ್ತಿಗೆಯಾದ ನನ್ನನ್ನೇ ಕರೆಯುವ ಅವಳ ದನಿ:

“ವೈನಿ, ಗ್ಯಾಸ್ ಬಂದ್ ಮಾಡಿ ಬಂದೀರೇನ್ರಿ?”

ಮತ್ತೆ ಮಲಗಿಸಿದರೆ ಮತ್ತೆ ಮಾತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಆಗ ಬಂದಳು ಮಷೀನಿನ ಲೆಕ್ಕ ನೋಡುವ ಫಿಸಿಸಿಸ್ಟ್ ಹುಡುಗಿ, ಗಂಗಾವತಿ ಕಡೆಯವಳು. ಕಿರಣ ಹುಟ್ಟುವಾಗ ನಡುವೆ ಜಾಸ್ತಿ, ಅಂಚಿಗೆ ಕಡಿಮೆ ಇರುತ್ತದಂತೆ. ದಾರಿಯಲ್ಲಿ ಲೋಹದ ಒಂದು ಶಂಕು ಇಟ್ಟು ಅದನ್ನು ಸಪಾಟು ಮಾಡುತ್ತಾರಂತೆ. ಹಾಗೆ ಮಾಡುವಾಗ ಕಿರಣದ ಬಹುಪಾಲು ಶಂಕುವಿನಲ್ಲೇ ಹೋಗುತ್ತದಂತೆ. ಗಂಟು ಸಣ್ಣದು, ಶಂಕು ಬೇಕಿಲ್ಲ, ಹೊಸ ಮಷೀನಿನಲ್ಲಿ ಅದನ್ನು ಸರಿಸಿಬಿಡುತ್ತೇವೆ ಎಂದಳು. ಕಿರಣ ಇದ್ದ ಹಾಗೇ ಭರದಿಂದ ಬೀಳುತ್ತದೆ, ಉಸಿರು ಹಿಡಿಯುವ ಹೊತ್ತೂ ಕಡಿಮೆ.

ಮಲಗಿದ್ದ ನಾದಿನಿ ಎದ್ದು ಕೂತಳು. “ಅಂದ್ರ ಇಷ್ಟ್ ದಿನಾ ಮಂದಿಗೆ ಸವರಿ ಕೊಡ್ತಿದ್ರಿ?”

“ಸವರಿದ್ರೂ ಗುಡ್ಡ ಇಟ್ರೂ ನಿಮಗ ಸಿಗೂದು ಒಟ್ಟು ಅಷ್ಟ ರೀ ಅಮ್ಮಾ. ಲಗೂ ಮುಗೀತೈತಿ, ಅಷ್ಟ.”

“ಅಂಗಡಿಯವ್ರೂ ಹಂಗ ಅಂತಾರವ್ವಾ,” ಎಂದಳು ನಾದಿನಿ. ಆದರೆ ಮುಖ ಅರಳಿತ್ತು. ತನ್ನ ಹಾಗೇ ಅಳೆಯುವ ಮಷೀನು ಕೊನೆಗೂ ಸಿಕ್ಕಿತ್ತಲ್ಲ! ವಾರ್ಡಿಗೆ ಬಂದು ಪಕ್ಕದ ಮಂಚದವರಿಗೆಲ್ಲ ಸುದ್ದಿ ಹಂಚಿದಳು.

ಟ್ರೀಟ್‌ಮೆಂಟ್ ದಿನ ಹೊರಗಿನ ಟಿವಿಯ ಮುಂದೆ ನಾನು ಕೂತೆ. “ಉಸುರು ತಗೋರಿ, ಹಿಡೀರಿ” ಎಂದಳು ಹುಡುಗಿ. ಪರದೆಯ ಗೆರೆ ಮೇಲೇರಿ ನಿಂತಿತು. ಈಗ ಮಾತಾಡುತ್ತಾಳೆ, ಈಗ! ಇಲ್ಲ. ಗೆರೆ ಅಲುಗಲಿಲ್ಲ. ಸ್ಪೀಕರಿನಲ್ಲಿ ಸದ್ದಿಲ್ಲ. ಮೈ ಗಾಡ್, ನನ್ನ ಉಸಿರೂ ನಿಂತಿತ್ತು! ಬಿಡಿ ಎಂದರು, ಮತ್ತೆ ಹಿಡಿಸಿದರು. ಒಂದು ಸಲವೂ ತಪ್ಪಲಿಲ್ಲ. ಕೊನೆಗೆ ಬೇಜಾರಿನ ದನಿ ಬಂತು: “ಮುಗೀತೇನ್ರಿ? ಇಷ್ಟ?”

ಕೆಲವು ತಿಂಗಳ ಮೇಲೆ ಸ್ಕ್ಯಾನ್ ನೋಡಿ ಡಾಕ್ಟರು, ಗಂಟು ಹೋಗಿ ಬರೀ ಗುರುತು ಉಳಿದಿದೆ ಎಂದರು. ಆ ಸಂಜೆ ಕೊಪ್ಪಳದ ನಮ್ಮ ಮನೆಯಲ್ಲಿ ಅವಳೇ ಚಹಾಕ್ಕಿಟ್ಟಳು. ಪ್ರೈಜ್ ಮಷೀನಿಗೆ ಕೊಡಲೋ ನಿನಗೋ ಎಂದು ಕೆಣಕಿ, ಅಷ್ಟು ಹೊತ್ತು ಹೇಗೆ ಸುಮ್ಮನಿದ್ದೆಯೇ ಮಾರಾಯ್ತಿ ಎಂದು ಕೇಳಿದೆ.

ಅವಳು ನನ್ನ ಮುಂದೆ ಕಪ್ಪು, ಬಸಿ ಇಟ್ಟು ಚಹಾ ಸುರಿಯತೊಡಗಿದಳು.

“ನಿಮ್ಮನ್ನ ನೆನಸಿಕೊಂಡೆ ವೈನಿ. ಮದಿವ್ಯಾಗಿ ಬಂದಾಗ ನೀವು ಹಿಂಗ ಉಸುರು ಹಿಡ್ಕೊಂಡು ಕುಂದರ್ತಿದ್ರಿ. ಬಾಯಿ ಬಿಟ್ರ ನಿಮ್ಮ ಕಾನ್ವೆಂಟ್ ಕನ್ನಡಕ್ಕ ಮಂದಿ ನಗ್ತಿದ್ರು. ನಾ ಇನ್ನೂ ಪರಕಾರ ಉಡೂ ಸಣ್ಣ ಹುಡುಗಿ. ನಿಮ್ಮ ಪಾಲಿಂದೂ ನಾನ ಮಾತಾಡಿದ್ರ ಯಾರೂ ನಿಮ್ಮನ್ನ ಕೇಳೂದಿಲ್ಲ ಅಂತ ಶುರು ಮಾಡಿದೆ. ಆಮ್ಯಾಲೆ ನಿಲ್ಲಿಸೂದು ಮರತ ಹೋತು.”

ಹೇಳುತ್ತಲೇ ಚಹಾ ಸುರಿಯುತ್ತಿದ್ದಳು. ಕಪ್ಪು ತುಂಬಿತು, ಬಸಿ ತುಂಬಿತು, ಬಸಿ ದಾಟಿ ನನ್ನ ಸೆರಗಿಗೆ ಇಳಿಯಿತು. ನಾನು ಅಂಗೈ ಅಡ್ಡ ಹಿಡಿಯಲಿಲ್ಲ.