ಟೈಲ್ಸ್ ಒಡದಾವ, ಏಳಬ್ಯಾಡ್ರಿ

ಬನಹಟ್ಟಿಯ ನಮ್ಮ ಮನೆಗೆ ಟೈಲ್ಸ್ ಹಾಕಿಸಿದಾಗಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ. ಶಿವನ ಕಣ್ಣು ನಮ್ಮ ಮೇಲಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇತ್ತೀಚೆಗೆ ಅವನು ನಮ್ಮ ನೆಲವನ್ನೇ ನೋಡುತ್ತ ಕುಳಿತಂತೆ ಕಾಣುತ್ತದೆ.

ಕಾಯಿ

ಮೊದಲು ನಮ್ಮಲ್ಲಿ ಫರಸಿ ಕಲ್ಲಿನ ನೆಲವಿತ್ತು. ಅದರ ಮೇಲೆ ಎಷ್ಟು ತೆಂಗಿನಕಾಯಿ ಒಡೆದರೂ ಅದು ಜಗ್ಗಲಿಲ್ಲ. ಹೊಸ ಟೈಲ್ಸ್ ಮೇಲೆ ಮೊದಲ ಪೂಜೆಯ ದಿನ ನಮ್ಮ ಸೋದರಮಾವ ಹಳೆಯ ರೂಢಿಯಂತೆ ಕಾಯಿ ಎತ್ತಿ, ಪಡಸಾಲೆಯ ನಡುವೆ ಬಡಿದೇಬಿಟ್ಟ. ಕಾಯಿ ಇಡಿಯಾಗಿ ಉರುಳಿ ಮಂಚದ ಕೆಳಗೆ ಹೋಯಿತು. ಟೈಲ್ಸ್ ಮಾತ್ರ ಮೂಲೆಯಿಂದ ಮೂಲೆಗೆ ಸೀಳಿತು.

ಎಲ್ಲರೂ ಬಗ್ಗಿ ಬಿರುಕು ನೋಡಿದರು. ಪೂಜೆಗೆ ಬಂದ ಅಯ್ಯನವರು ಮಾತ್ರ ಶಾಂತವಾಗಿ ಗಂಟೆ ಎತ್ತಿಕೊಂಡರು. “ಒಂದು ಒಡೀಬೇಕಾಗಿತ್ತು, ಒಂದು ಒಡೀತಲ್ಲ. ಆರತಿ ತರ್ರಿ.”

ಗೌಂಡಿ

ಒಡೆದದ್ದನ್ನು ಸರಿಮಾಡಲು ಗೌಂಡಿ ಬಂದ. ನೆಲಕ್ಕೆ ಕಿವಿಯಿಟ್ಟು, ಹತೋಡಿಯಿಂದ ಒಂದೊಂದೇ ಟೈಲ್ಸ್ ತಟ್ಟುತ್ತ ಹೋದ. “ಇದು ಗಟ್ಟಿ. ಇದು ಪೊಳ್ಳ. ಇದು...” ಟಕ್! ಒಡೆದದ್ದರ ಪಕ್ಕದ್ದೂ ಸೀಳಿತು.

ನಾನು ಅವನ ಮುಖ ನೋಡಿದೆ.

“ಇದು ಮೊದಲ ಒಡದಿತ್ರಿ ಕಾಕಾರ. ನಿಮಗ ಕಂಡಿರಲಿಲ್ಲ ಅಷ್ಟ. ಇಂಥಾವ ಎರಡು ತರ್ರಿ, ಕೂಡಿಸಿಬಿಡ್ತೇನಿ. ಇನ್ನ ಆ ಕಡಿ ತಟ್ಟಿ ನೋಡ್ಲೇನ್ರಿ?”

ನನ್ನ ಹೆಂಡತಿ ಒಂದು ಕೈಯಿಂದ ಚಹಾ ಕೊಡುವ ಮೊದಲು ಇನ್ನೊಂದು ಕೈಯಿಂದ ಹತೋಡಿ ಇಸಿದುಕೊಂಡಳು.

ಅಂಗಡಿ

ಒಡೆದ ಚೂರನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಜಮಖಂಡಿಗೆ ಹೋದೆ. ಅಂಗಡಿಯವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

“ಈ ಡಿಸೈನ್ ಬಂದ್ ಆಗೇತ್ರಿ. ಎಲ್ಲೂ ಸಿಗೂದಿಲ್ಲ. ನಿಮ್ಮ ಮನ್ಯಾಗ ಇನ್ನ ಎಷ್ಟದಾವು?”

“ಉಳಿದಾವೆಲ್ಲಾ ಅದಾವು. ಯಾಕ?”

“ಭಾಳ ಮಂದಿ ಕೇಳ್ಕೋತ ಬರ್ತಾರ. ಕಿತ್ತು ಕೊಡ್ತೀರೇನು?”

ಬೀಗರು

ಹೀಗಿರುವಾಗ ಚಿಮ್ಮಡದಿಂದ ನಮ್ಮ ಮಗಳನ್ನು ನೋಡಲು ಬರುವವರಿದ್ದರು. ಹುಡುಗ ಮಗಳ ಮನಸ್ಸಿಗೆ ಬಂದಿದ್ದ. ಹೆಂಡತಿಗೆ ಒಂದೇ ಚಿಂತೆ. “ಹೊಸಾ ನೆಲಾನ ಒಡದೈತಿ, ಇವರ ಸಂಸಾರ ಹೆಂಗ ಇರಬೇಕು ಅಂತ ಬಂದವರು ಅಂದ್ರ? ಜಮಖಾನಿ ಹಾಸಿದ್ರೂ ಕಾಲಿಟ್ರ ಟಕ್ ಅಂತೈತಿ.”

ಕೊನೆಗೆ ಒಡೆದ ಜಾಗದ ಮೇಲೆ ಚಾಪೆ ಹಾಸಿ ನಮ್ಮ ಅವ್ವನನ್ನು ಕೂರಿಸಿದಳು. “ಅತ್ತಿ, ಯಾರ ಬಂದ್ರೂ ಏಳಬ್ಯಾಡ್ರಿ.”

“ದೇವರ ಬಂದ್ರ?”

“ದೇವರ ಬಂದ್ರೂ.”

ಬಂದವರು ಒಬ್ಬೊಬ್ಬರಾಗಿ ಕಾಲಿಗೆ ಬಿದ್ದರು. ಅವ್ವ ಅಲುಗಲಿಲ್ಲ. ಹುಡುಗನ ತಾಯಿ ಕನಿಕರದಿಂದ ಕೇಳಿದರು, “ಮೊಣಕಾಲ ನೋವೇನ್ರಿ ಅಮ್ಮಾರ?”

ಅವ್ವ ದಿನಾ ಲಿಂಗಪೂಜೆ ಮಾಡುವವಳು, ಸುಳ್ಳು ಹೇಳುವವಳಲ್ಲ. “ಮೊಣಕಾಲ ಛಲೋ ಅದಾವ್ರಿ. ಸೊಸಿ ಏಳಬ್ಯಾಡ ಅಂದಾಳ.”

ಎಲ್ಲರೂ ನನ್ನ ಹೆಂಡತಿಯನ್ನು ನೋಡಿದರು. ಮಗಳು ನೆಲ ನೋಡಿದಳು. ಚಹಾ ಆರುವ ಮೊದಲೇ “ತಿಳಿಸ್ತೀವ್ರಿ” ಎಂದು ಹೊರಟರು. ಸಂಬಂಧ ಮುರಿಯಿತು ಎಂದುಕೊಂಡೆವು. ಮಗಳು ಎರಡು ದಿನ ಅಜ್ಜಿಯೊಂದಿಗೆ ಮಾತಾಡಲಿಲ್ಲ.

ಮುಂದಿನ ವಾರವೇ ಅವರಿಂದ ಫೋನ್ ಬಂತು. “ನಮ್ಮ ಮನಿ ನೋಡಾಕ ಬರ್ರಿ.” ಸೋದರಮಾವನನ್ನೂ ಕರೆದುಕೊಂಡು ಎಲ್ಲರೂ ಹೋದೆವು.

ಅಲ್ಲಿ ಪಡಸಾಲೆ ತುಂಬ ಥಳಥಳ ಟೈಲ್ಸ್. ಗೋಡೆಯ ಉದ್ದಕ್ಕೂ ಕುರ್ಚಿಗಳಿದ್ದರೂ ಹುಡುಗನ ಅಜ್ಜ ನಟ್ಟನಡುವೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾವು ಒಳಗೆ ಬಂದರೂ ಏಳಲಿಲ್ಲ, ಕೂತಲ್ಲೇ ಕೈ ಮುಗಿದರು.

ಅವ್ವ ಅವರನ್ನು ನೋಡಿದಳು. ಚಾಪೆ ನೋಡಿದಳು. ನಿಧಾನಕ್ಕೆ ಹೋಗಿ ಅವರ ಪಕ್ಕದಲ್ಲಿ ಕೂತು, ಯಾರಿಗೂ ಕೇಳಿಸದು ಎಂದುಕೊಂಡು ಕೇಳಿದಳು, “ನಿಮ್ಮಲ್ಲಿ ಎಷ್ಟು ಒಡದಾವ್ರಿ ಅಣ್ಣಾರ?”

ಅಜ್ಜ ಸೊಸೆಯ ಕಡೆ ಒಮ್ಮೆ ನೋಡಿ, “ನನ್ನ ಕೆಳಗ ಮೂರದಾವ್ರಿ ಅಕ್ಕಾರ. ನಾಲ್ಕನೇದರ ಮ್ಯಾಲ ನೀವ ಕುಂತ್ರಿ” ಎಂದರು.

ಹುಡುಗನ ತಾಯಿ ಸೆರಗು ಬಾಯಿಗಿಟ್ಟುಕೊಂಡರು, ನನ್ನ ಹೆಂಡತಿಯೂ ಇಟ್ಟುಕೊಂಡಳು. ಆ ನಗೆಯಲ್ಲೇ ಸಂಬಂಧ ಕೂಡಿತು. ಶುಭ ಕೆಲಸಕ್ಕೆ ತಡವೇಕೆ ಎಂದು ಸೋದರಮಾವ ತೆಂಗಿನಕಾಯಿ ಎತ್ತಿದ.

ಎರಡೂ ಮನೆಯವರು ಒಟ್ಟಿಗೆ ಕೂಗಿದರು, “ಹೊರಗ ಒಯ್ರಿ!”