ಬ್ಯಾಡಗಿಗೆ ಮೂರು ಮಿಸ್ಡ್ ಕಾಲ್

ಒಂದು ಸಂಘ ನಡೆಯಬೇಕಾದರೆ ಮಾಲೆ ಹಾಕಿಸಿಕೊಳ್ಳಲು ಒಬ್ಬರು ಬೇಕು, ಲೆಕ್ಕ ಕೇಳಿದರೆ ಸಿಟ್ಟಾಗಲು ಒಬ್ಬರು ಬೇಕು, ಇವರಿಬ್ಬರಿಗೂ ಬೇಡವಾದ ಕೆಲಸ ಮಾಡಲು ಇನ್ನೊಬ್ಬ ಬೇಕು. ನಾನು ಹುಟ್ಟಿನಿಂದಲೇ ಆ ಇನ್ನೊಬ್ಬ. ನನ್ನ ಮುಖದಲ್ಲಿ ಅದೇನು ಬರೆದಿದೆಯೋ ತಿಳಿಯದು. ಮದುವೆ ಮನೆಯಲ್ಲಿ ಹೊಸ ಅಂಗಿ ತೊಟ್ಟು ಪಂಕ್ತಿಯಲ್ಲಿ ಉಣ್ಣಲು ಕುಳಿತಿದ್ದರೂ ಯಾರೋ ಬಂದು ನೀರಿನ ಜಗ್ಗು ನನ್ನ ಕೈಗೇ ಕೊಟ್ಟು ಹೋಗುತ್ತಾರೆ. ಇದನ್ನು ಒಳ್ಳೆಯತನವೆಂದು ಒಪ್ಪಲು ನನ್ನ ಹೆಂಡತಿ ಸುಲೋಚನಾ ತಯಾರಿಲ್ಲ. "ಒಲ್ಲೆ ಅನ್ನಾಕ ಬಾಯಿ ಬರೂದಿಲ್ಲ ನಿಮಗ" ಎನ್ನುತ್ತಾಳೆ. ಹೀಗೆ ಒಲ್ಲೆ ಎನ್ನಲು ಬಾಯಿ ಬಾರದೆ ನಾನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳ ಸ್ಪೀಡ್ ಸ್ಕೇಟಿಂಗ್ ಸಂಘಕ್ಕೆ ಸುದ್ದಿ ಕಾರ್ಯದರ್ಶಿಯಾದೆ.

ನಮ್ಮ ಕಡೆ ಸ್ಪೀಡ್ ಸ್ಕೇಟಿಂಗ್ ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ನಾನು ಸಣ್ಣವನಿದ್ದಾಗ ದೀಪ ಹಚ್ಚುವ ಹೊತ್ತಾದರೂ ಮನೆ ಸೇರದಿದ್ದರೆ ಅವ್ವ "ಕಾಲಿಗೆ ಗಾಲಿ ಕಟ್ಟಿಕೊಂಡೀಯೇನೊ" ಎಂದು ಬೈಯುತ್ತಿದ್ದಳು. ಈಗ ಆ ಗಾಲಿಯನ್ನೇ ನಾವು ಅಂಗಡಿಯಿಂದ ಕೊಂಡು ತಂದು, ಮಕ್ಕಳ ಕಾಲಿಗೆ ನಮ್ಮ ಕೈಯಾರೆ ಕಟ್ಟಿ, ಇನ್ನೂ ಜೋರಾಗಿ ಓಡು ಎಂದು ಕೂಗುತ್ತೇವೆ. ಇದಕ್ಕೆಲ್ಲ ಮೂಲ ನನ್ನ ಮಗಳು ವಿದ್ಯಾಳ ಶಾಲೆಯ ಆಟದ ಮಾಸ್ತರು ಮಾಲತೇಶ ಸರ್. ಅವರು ಯಾವುದೋ ತರಬೇತಿಗೆಂದು ಬೆಳಗಾವಿಗೆ ಹೋಗಿ, ಅಲ್ಲಿನ ಮಕ್ಕಳು ಗಾಲಿಯ ಮೇಲೆ ಹಾರುವುದನ್ನು ಕಂಡುಬಂದರು. ಬೆಳಗಾವಿಗೆ ಹೋದವರು ಕುಂದಾ ತರುವುದು ವಾಡಿಕೆ, ಇವರು ಈ ಹುಚ್ಚನ್ನು ತಂದರು. ವರ್ಷ ತುಂಬುವುದರೊಳಗೆ ಅದು ಮೂರೂ ಊರಿಗೆ ಹಬ್ಬಿ, ಮಕ್ಕಳ ಹಿಂದೆ ತಂದೆತಾಯಿಗಳೂ ಸೇರಿ ಒಂದು ಸಂಘವಾಯಿತು.

ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ಚನ್ನಬಸಪ್ಪನವರು ಅಧ್ಯಕ್ಷರಾದರು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಇಸ್ಮಾಯಿಲ್ ಸಾಹೇಬರು ಖಜಾಂಚಿಯಾದರು. ಜಿಲ್ಲಾ ಕೇಂದ್ರವಾದ ಹಾವೇರಿಗೆ ಏನೂ ಸಿಗಲಿಲ್ಲವಲ್ಲ ಎಂದು ಯಾರೋ ಗೊಣಗಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಚೇರಿಯಲ್ಲಿ ಆವಕ ಜಾವಕ ನೋಡಿಕೊಳ್ಳುವವನು, ಅಂದರೆ ಬಂದ ಕಾಗದವನ್ನು ಓದದೆ ಮುಂದಕ್ಕೆ ಕಳಿಸುವವನು. ಸುದ್ದಿ ಮುಟ್ಟಿಸಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿಲ್ಲವೆಂದು ಸಭೆ ತೀರ್ಮಾನಿಸಿತು.

ಮುಟ್ಟಿಸಬೇಕಾದ ಸುದ್ದಿ ಒಂದೇ: ಈ ರವಿವಾರ ಅಭ್ಯಾಸ ಎಲ್ಲಿ? ಒಂದೇ ಊರಿನಲ್ಲಿ ನಡೆಸಿದರೆ ಉಳಿದೆರಡು ಊರುಗಳ ಮಾನ ಹೋಗುತ್ತದೆಂದು ಸರದಿ ಮಾಡಿಕೊಂಡಿದ್ದೆವು. ಹಾವೇರಿಯಲ್ಲಿ ಹೊಸ ಕಚೇರಿಗಳ ಮುಂದಿನ ಅಗಲ ರಸ್ತೆಯಿತ್ತು. ರಜೆಯ ದಿನ ಅಲ್ಲಿ ನಾವು ಮತ್ತು ಎಮ್ಮೆಗಳು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ಇಸ್ಮಾಯಿಲ್ ಸಾಹೇಬರ ಮನೆಯ ಹಿಂದಿನ ಗೋದಾಮಿನ ಸಿಮೆಂಟು ಅಂಗಳವಿತ್ತು. ಎಲ್ಲಕ್ಕಿಂತ ನುಣುಪು ನೆಲ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯದು. ಪೇಟೆ ಇಲ್ಲದ ದಿನ ಅದನ್ನು ಎಷ್ಟು ಗುಡಿಸಿದರೂ ಗಾಲಿ ಉರುಳಿದ ಕೂಡಲೇ ಎಲ್ಲಿಂದಲೋ ಕೆಂಪು ಧೂಳು ಎದ್ದು ಮಕ್ಕಳೆಲ್ಲ ಸೀನಲು ಹತ್ತುತ್ತಿದ್ದರು. "ನಮ್ಮ ಮೆಣಸಿನಕಾಯಿ ಬಣ್ಣಕ್ಕರಿ, ಖಾರ ಎಲ್ಲೈತಿ ಅದರಾಗ" ಎಂದು ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು. ಮಾಲತೇಶ ಸರ್ ಮಾತ್ರ ಬ್ಯಾಡಗಿಯಲ್ಲಿ ಮಕ್ಕಳ ವೇಗ ಛಲೋ ಬರುತ್ತದೆ ಎನ್ನುತ್ತಿದ್ದರು. ಅಲ್ಲಿಂದ ಬೇಗ ಹೊರಗೆ ಬೀಳಬೇಕೆಂದು ಯಾರಿಗಾದರೂ ಅನಿಸುವಂಥದೇ.

ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬಂದಿದ್ದ ಕಾಲ. ಬಂದ ಕರೆ ಪುಕ್ಕಟೆ, ಮಾಡಿದ ಕರೆಗೆ ದುಡ್ಡು. ಮೆಸೇಜು ಕಳಿಸಿದರೆ ಕಂಪನಿಯವರ ಜಾಹೀರಾತೆಂದು ಓದದೆಯೇ ಅಳಿಸಿಬಿಡುತ್ತಿದ್ದರು. ಆದ್ದರಿಂದ ಸಭೆ ಸೇರಿ ಮಿಸ್ಡ್ ಕಾಲಿನ ಪದ್ಧತಿ ಮಾಡಿದೆವು. ಒಂದು ಮಿಸ್ಡ್ ಕಾಲ್ ಬಂದರೆ ಹಾವೇರಿ, ಎರಡು ಬಂದರೆ ರಾಣೆಬೆನ್ನೂರು, ಮೂರು ಬಂದರೆ ಬ್ಯಾಡಗಿ. ಯಾರೂ ಫೋನು ಎತ್ತಬಾರದು. ಎತ್ತಿದರೆ ಸಂಘಕ್ಕೆ ಖರ್ಚು, ಅಂದರೆ ನನಗೆ ಖರ್ಚು.

ಈ ಕೊನೆಯ ನಿಯಮ ಕೇಳಲು ಸುಲಭ. ಆದರೆ ನಮ್ಮ ಕಡೆಯ ಮಂದಿಗೆ ಮನೆಯ ಬಾಗಿಲು ಬಡಿದವರನ್ನೂ ಫೋನು ಬಡಿದವರನ್ನೂ ಮಾತಾಡಿಸದೆ ಕಳಿಸಿ ಗೊತ್ತಿಲ್ಲ. ಅದರಲ್ಲೂ ಇಸ್ಮಾಯಿಲ್ ಸಾಹೇಬರ ತಾಯಿ ಬೀಬಿಜಾನ್ ಅಜ್ಜಿ. ಅವರ ಮನೆಯ ಫೋನು ಮೊದಲ ಸಲ ಗುಣುಗುಟ್ಟುವುದರೊಳಗೆ ಎತ್ತಿ, "ಬೇಟಾ, ಚಾ ಆತೇನು?" ಎಂದು ಕೇಳುತ್ತಿದ್ದರು. ಅಲ್ಲಿಂದ ಮಗಳ ಓದು, ಸುಲೋಚನಾಳ ಬೆನ್ನುನೋವು, ಹಾವೇರಿಯಲ್ಲಿ ಬದನೆಕಾಯಿ ಧಾರಣೆ ಎಲ್ಲ ವಿಚಾರಿಸಿದ ಮೇಲೆಯೇ ಬಿಡುಗಡೆ. ನಾನು ಎರಡು ಸಭೆಗಳಲ್ಲಿ ಅಜ್ಜಿಯ ವಿರುದ್ಧ ದೂರು ಕೊಟ್ಟೆ. ಖಜಾಂಚಿಗಳು ನಕ್ಕು, ನೀವೇ ಒಮ್ಮೆ ಹೇಳಿ ನೋಡಿ ಎಂದರು.

ಹೀಗೆ ಸಾಗಿದ್ದಾಗ ಒಂದು ದಿನ ಮಾಲತೇಶ ಸರ್ ಓಡುತ್ತ ನಮ್ಮ ಮನೆಗೆ ಬಂದರು. ಮುಂದಿನ ರವಿವಾರ ರಾಜ್ಯದ ಕಡೆಯಿಂದ ಆಯ್ಕೆ ಮಾಡುವವರು ಬರುತ್ತಾರಂತೆ. ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಆರಿಸಿ ಬೆಂಗಳೂರಿನ ಕ್ಯಾಂಪಿಗೆ ಕರೆದೊಯ್ಯುತ್ತಾರಂತೆ. ನೆಲ ಚೆನ್ನಾಗಿದೆಯೆಂದು, ಸ್ಟೇಷನ್ನೂ ಇದೆಯೆಂದು ಬ್ಯಾಡಗಿಗೇ ಕರೆಸಿದ್ದಾರಂತೆ. ಹುಡುಗಿಯರಲ್ಲಿ ಯಾರೆಂಬ ಬಗ್ಗೆ ನಮಗೆ ಯಾರಿಗೂ ಅನುಮಾನವಿರಲಿಲ್ಲ. ಗುತ್ತಲದಲ್ಲಿ ಹಿಟ್ಟಿನ ಗಿರಣಿ ನಡೆಸುವ ಬಸಣ್ಣನ ಮಗಳು ಗಿರಿಜಾ ನಮ್ಮೆಲ್ಲರ ಮಕ್ಕಳಿಗಿಂತ ಅರ್ಧ ಸುತ್ತು ಮುಂದಿರುತ್ತಿದ್ದಳು. ಆದರೆ ಬಸಣ್ಣ ಮೊದಲೇ ಹೇಳಿಬಿಟ್ಟಿದ್ದ, ಈ ವರ್ಷ ಏನಾದರೂ ಆದರೆ ಆಯಿತು, ಇಲ್ಲವಾದರೆ ಹತ್ತನೇ ಇಯತ್ತೆಗೆ ಬಂದವಳು ಗಾಲಿ ಬಿಚ್ಚಿಟ್ಟು ಓದಬೇಕು ಎಂದು. ಹಾಗಾಗಿ ಆ ಹುಡುಗಿಗೆ ಇದೊಂದೇ ಅವಕಾಶ. "ಎಲ್ಲಾರಿಗೂ ಖಾತ್ರಿ ಸುದ್ದಿ ಮುಟ್ಟಬೇಕ್ರಿ" ಎಂದು ಸರ್ ನನ್ನ ಕೈ ಹಿಡಿದು ಹೇಳಿ ಹೋದರು.

ನಾನು ಕುಳಿತು ಯೋಚಿಸಿದೆ. ಮೂರು ಮಿಸ್ಡ್ ಕಾಲ್ ಕೊಟ್ಟರೆ ಬರಿಯ ಬ್ಯಾಡಗಿ ಎಂದಾಗುತ್ತದೆ. ಸೀನಲು ಯಾರು ಹೋಗುತ್ತಾರೆ ಎಂದು ಅರ್ಧ ತಾಯಂದಿರು ಮಕ್ಕಳಿಗೆ ನೆಗಡಿ ಹುಟ್ಟಿಸಿಬಿಡುತ್ತಾರೆ. ಇದು ದೊಡ್ಡ ಸುದ್ದಿ, ಒತ್ತಿ ಹೇಳಬೇಕು. ಯಾರಾದರೂ ಶಹಾಣ್ಯಾ ಆಗಿದ್ದರೆ ಆ ಒಂದು ಸಲ ದುಡ್ಡು ಹೋದರೆ ಹೋಗಲಿ ಎಂದು ಬಾಯಿಬಿಟ್ಟು ಹೇಳುತ್ತಿದ್ದ. ನಾನು ಪದ್ಧತಿಯ ಮನುಷ್ಯ. ಮೂರು ಮಿಸ್ಡ್ ಕಾಲ್ ಕೊಟ್ಟು, ತುಸು ಬಿಟ್ಟು, ಮತ್ತೆ ಮೂರು ಕೊಟ್ಟೆ. ಬ್ಯಾಡಗಿ, ತಪ್ಪದೆ ಬ್ಯಾಡಗಿ. ಹೀಗೆ ಎಲ್ಲ ಮನೆಗಳಿಗೂ, ಅಜ್ಜಿ ಎತ್ತದಿರಲೆಂದು ಇಸ್ಮಾಯಿಲ್ ಸಾಹೇಬರಿಗೆ ಮಾತ್ರ ಅವರ ಜೇಬಿನ ಮೊಬೈಲಿಗೇ ಮುಟ್ಟಿಸಿ, ಬೆರಳು ಸವೆದರೂ ಕೆಲಸವಾಯಿತೆಂದು ಹಾಯಾಗಿ ಮಲಗಿದೆ.

ರವಿವಾರ ಬೆಳಿಗ್ಗೆ ಹೆಂಡತಿ ಮಗಳೊಂದಿಗೆ ಬ್ಯಾಡಗಿ ಪೇಟೆ ಮುಟ್ಟಿದರೆ ಅಲ್ಲಿ ಮಾಲತೇಶ ಸರ್, ಅಧ್ಯಕ್ಷರು, ಮೈಸೂರು ಕಡೆಯ ಆಯ್ಕೆಗಾರರೊಬ್ಬರು ಮತ್ತು ಅಧ್ಯಕ್ಷರು ಕರೆತಂದ ಆ ಊರಿನ ನಾಲ್ಕಾರು ಗಂಡುಹುಡುಗರು. ಹುಡುಗಿಯೆಂದರೆ ನನ್ನ ಮಗಳು ವಿದ್ಯಾ ಒಬ್ಬಳೇ. ಹೊತ್ತು ಏರಿತು, ಮತ್ತೆ ಯಾರೂ ಬರಲಿಲ್ಲ. ಆಮೇಲೆ ತಿಳಿದ ಸಂಗತಿ ಹೇಳಿಬಿಡುತ್ತೇನೆ. ಫೋನಿನ ಪರದೆಯ ಮೇಲೆ ಎಲ್ಲರಿಗೂ ಕಂಡದ್ದು ಆರು ಮಿಸ್ಡ್ ಕಾಲ್ ಎಂದಷ್ಟೇ. ಹಾವೇರಿಯವರು ಇದನ್ನು ಹಾವೇರಿ ಎಂದು ಆರು ಸಲ ಹೇಳಿದ್ದಾರೆ ಎಂದು ಬಗೆದು, ತಮ್ಮೂರಿನ ಮೇಲೆ ಕಾರ್ಯದರ್ಶಿಗೆ ಎಷ್ಟು ಅಭಿಮಾನ ಎಂದು ಮೆಚ್ಚಿ, ಅಗಲ ರಸ್ತೆಯಲ್ಲಿ ನಿಂತಿದ್ದರು. ಉಳಿದವರು ರಾಣೆಬೆನ್ನೂರು ಎಂದು ಮೂರು ಸಲ ಅಂದುಕೊಂಡು ಗೋದಾಮಿನ ಅಂಗಳ ಸೇರಿದ್ದರು. ಗಿರಣಿಯ ಸಪ್ಪಳದಲ್ಲಿ ಕರೆ ಬಂದದ್ದೇ ಕೇಳದೆ ಆಮೇಲೆ ಪರದೆ ನೋಡಿದ ಬಸಣ್ಣನೂ ಹಾಗೇ ತಿಳಿದಿದ್ದ. ಅವನ ಅಕ್ಕನ ಮನೆ ರಾಣೆಬೆನ್ನೂರಿನಲ್ಲೇ ಇದ್ದುದರಿಂದ ಅವನಿಗೆ ಬೇರೆ ಅರ್ಥ ಹೊಳೆಯಲೂ ಇಲ್ಲ.

ಬ್ಯಾಡಗಿಯಲ್ಲಿ ಆಯ್ಕೆಗಾರರು ಗಡಿಯಾರ ನೋಡಿಕೊಳ್ಳತೊಡಗಿದರು. "ಇರೋ ಮಕ್ಕಳನ್ನೇ ನೋಡ್ತೀನಿ ಸಾರ್, ನನಗೆ ಟ್ರೈನ್ ಇದೆ" ಎಂದರು. ನಾನು ಮೊಬೈಲು ತೆಗೆದು ಬಸಣ್ಣನಿಗೆ ಕರೆ ಹಚ್ಚಲು ಹೋದರೆ ಸುಲೋಚನಾ ನನ್ನ ಮುಂಗೈ ಹಿಡಿದಳು. "ಇರಾಕಿ ಒಬ್ಬಾಕಿ. ದೇವರು ತಾನ ಕೊಟ್ಟಾನ. ಸುಮ್ಮ ಕುಂದರಬಾರದ?" ಎಂದು ಮೆಲ್ಲಗೆ ಅಂದಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಬೆಂಗಳೂರಿನ ಕ್ಯಾಂಪಿನಲ್ಲಿ ನನ್ನ ಮಗಳು ಓಡುವುದು ಕಣ್ಣಿಗೆ ಕಟ್ಟಿತು. ಆದರೆ ಅದರ ಹಿಂದೆಯೇ ಮೂರೂ ಊರಿನ ಮಂದಿ, ತನ್ನ ಮಗಳನ್ನೇ ಆರಿಸಲೆಂದು ಇವನು ಸುದ್ದಿ ಮುಚ್ಚಿಟ್ಟ ಎನ್ನುವುದೂ ಕಿವಿಗೆ ಬಿತ್ತು. ಅದಕ್ಕೂ ಹೆಚ್ಚಾಗಿ, ಸುತ್ತು ಮುಗಿಸಿ ಬಂದು ಚೊಂಬು ನೀರನ್ನು ಒಂದೇ ಗುಟುಕಿಗೆ ಕುಡಿಯುವ ಆ ಗುತ್ತಲದ ಹುಡುಗಿಯ ಮುಖ ನೆನಪಾಯಿತು. ಕೈ ಬಿಡಿಸಿಕೊಂಡು ಕರೆ ಹಚ್ಚಿದೆ.

ಬಸಣ್ಣ ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ನಿಯಮವೆಂದರೆ ನಿಯಮ. ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಅದು ಬಡಿದು ಸುಮ್ಮನಾಗುವವರೆಗೆ ಕಾದು, ಎಲ್ಲಿದ್ದೀರೋ ಅಲ್ಲೇ ಇರಿ ಎಂದು ಕಾರ್ಯದರ್ಶಿಗಳು ಮತ್ತೆ ಮತ್ತೆ ಹೇಳುತ್ತಿದ್ದಾರೆ ಎಂದು ಸುತ್ತಲಿನವರಿಗೆ ತೋರಿಸುತ್ತಿದ್ದನಂತೆ. ನಾನು ಕಲಿಸಿದ ಶಿಸ್ತು ನನಗೇ ತಿರುಗುಬಾಣವಾಗಿತ್ತು. ಆಗ ಲೋಕದಲ್ಲಿ ನನ್ನ ಫೋನು ಎತ್ತುವ ಏಕೈಕ ಜೀವದ ನೆನಪಾಯಿತು. ಇಸ್ಮಾಯಿಲ್ ಸಾಹೇಬರ ಮನೆಗೆ ಹಚ್ಚಿದೆ.

"ಬೇಟಾ, ಚಾ ಆತೇನು?"

"ಚಾ ಆಮ್ಯಾಲ ಅಜ್ಜಿ. ಗುತ್ತಲದ ಗಿರಿಜಾ ನಿಮ್ಮ ಹಿತ್ತಲದಾಗ ಅದಾಳೇನು?"

"ಅದಾಳಲ್ಲ, ಮುಂಜಾನಿಂದ ಕುಂತಾಳ. ಯಾಕ?"

ಯಾಕೆಂದು ಹೇಳಿದೆ. ಬದನೆಕಾಯಿ ಧಾರಣೆಯನ್ನು ಕೇಳದೆ ಅಜ್ಜಿ ಫೋನು ಇಟ್ಟದ್ದು ಅದೇ ಮೊದಲು. ಆಮೇಲೆ ಕೇಳಿದ್ದೇನೆಂದರೆ, ಅಜ್ಜಿ ಕಿಟಕಿಯಿಂದಲೇ ಇಡೀ ಅಂಗಳಕ್ಕೆ ಕೇಳುವಂತೆ ಮಗನನ್ನು ಕರೆದು, ಬೀಜದ ಚೀಲ ಸಾಗಿಸುವ ಟೆಂಪೊ ಹೊರಡಿಸಿ, ಗಿರಿಜಾಳನ್ನೂ ಬಸಣ್ಣನನ್ನೂ ಚೀಲಗಳ ಮೇಲೆ ಹತ್ತಿಸಿ ಕಳಿಸಿದರಂತೆ.

ಟೆಂಪೊ ಬರುವವರೆಗೆ ಆಯ್ಕೆಗಾರರನ್ನು ಹಿಡಿದಿಡುವ ಕೆಲಸವನ್ನು ಅಧ್ಯಕ್ಷರು ವಹಿಸಿಕೊಂಡರು. ನಮ್ಮ ಕಡೆ ಒಬ್ಬರನ್ನು ತಡೆಯಲು ಹಗ್ಗ ಬೇಕಿಲ್ಲ, ತಾಟು ಸಾಕು. ಮೊದಲು ಮಂಡಕ್ಕಿಯ ಗಿರ್ಮಿಟ್ ಬಂತು, ಅದರ ಬೆನ್ನಿಗೆ ಬಿಸಿ ಮಿರ್ಚಿ ಭಜಿ ಬಂತು, ಮಿರ್ಚಿಯ ಖಾರ ಇಳಿಯಲಿ ಎಂದು ಚಹಾ, ಚಹಾದ ಒಗರು ಹೋಗಲಿ ಎಂದು ಪೇಡೆ. ಆ ಮಹಾನುಭಾವರು ಸಾಕು ಸಾರ್ ಎಂದಷ್ಟೂ ಅಧ್ಯಕ್ಷರು ಅದನ್ನು ಸಂಕೋಚವೆಂದು ತಿಳಿದು ಮತ್ತಷ್ಟು ಬಡಿಸಿದರು. ಕಡೆಗೆ ಅವರು ತಾಟನ್ನು ಬದಿಗಿಟ್ಟು ಎದ್ದು, ಹುಡುಗರನ್ನು ಓಡಿಸಿ ಒಬ್ಬನನ್ನು ಆರಿಸಿ, ಸೀಟಿ ಊದಿ, ಉದ್ದದ ಓಟಕ್ಕೆ ವಿದ್ಯಾಳೊಬ್ಬಳನ್ನೇ ಬಿಟ್ಟುಬಿಟ್ಟರು.

ಆಗ ನನ್ನ ಮಗಳು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಅವಳು ನಿಧಾನವಾಗಿ ಓಡಿದಳು. ಎಷ್ಟು ನಿಧಾನವೆಂದರೆ, ಪೇಟೆಯ ನಾಯಿಯೊಂದು ಅವಳ ಜೊತೆ ನಡೆದುಕೊಂಡೇ ಒಂದು ಸುತ್ತು ಮುಗಿಸಿತು. ಕಣ್ಣಲ್ಲಿ ನೀರು, ಕೆಂಪಾದ ಮೂಗು, ನಡುನಡುವೆ ನಿಂತು ಸೀನುವುದು, ಮತ್ತೆ ಉರುಳುವುದು. ಓಟ ಮುಗಿಯದೆ ಆಯ್ಕೆಗಾರರು ಏಳುವಂತಿಲ್ಲ. ಗೆಳತಿ ಬರಲೆಂದು ನನ್ನ ಕೂಸು ಹೊತ್ತು ಕಳೆಯುತ್ತಿದೆ ಎಂದು ನನಗೆ ಹೊಳೆಯಿತು. "ಎಂಥಾ ಮಗಳನ್ನ ಹಡದೀವಿ ನೋಡ" ಎಂದು ಸುಲೋಚನಾಳಿಗೆ ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಅರ್ಥ ಹುಡುಕಲು ಹೋಗಲಿಲ್ಲ. ವಿದ್ಯಾಳ ಕೊನೆಯ ಸುತ್ತು ಇನ್ನೂ ಮುಗಿದಿರಲಿಲ್ಲ, ಟೆಂಪೊ ಪೇಟೆಯೊಳಗೆ ನುಗ್ಗಿತು.

ಗಿರಿಜಾ ದಾರಿಯಲ್ಲೇ ಗಾಲಿ ಕಟ್ಟಿಕೊಂಡು ಬಂದಿದ್ದಳು. ಬಸಣ್ಣ ಅವಳನ್ನು ಎತ್ತಿ ನೆಲಕ್ಕೆ ಬಿಟ್ಟ. ಆಯ್ಕೆಗಾರರು ಉಸಿರು ಬಿಟ್ಟು, ಸರಿ, ಇವಳೂ ಓಡಲಿ ಎಂದರು. ಆಮೇಲೆ ಅವರು ಗಡಿಯಾರವನ್ನು ಎರಡು ಸಲ ನೋಡಿ, ಅದು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳ ಹೆಸರು ಬರೆದುಕೊಂಡರು. ಬಸಣ್ಣ ಹಿಟ್ಟು ಹತ್ತಿದ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನನ್ನ ಕಣ್ಣಲ್ಲೂ ನೀರು ಬಂತು. ಅಧ್ಯಕ್ಷರ ಪ್ರಕಾರ ಆ ಮೆಣಸಿನಕಾಯಿಯಲ್ಲಿ ಖಾರವಿಲ್ಲವಾದ್ದರಿಂದ ಅದು ಸಂತೋಷದ ನೀರೇ ಇರಬೇಕು.

ಇಷ್ಟಾದ ಮೇಲೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಮರುದಿನದಿಂದ ಎಲ್ಲರಿಗೂ ಕರೆ ಮಾಡಿ, ಎತ್ತಿರಿ ಎತ್ತಿರಿ ಎಂದು ಎತ್ತಿಸಿ, ನನ್ನ ಮಗಳ ತ್ಯಾಗವನ್ನು ವರ್ಣಿಸಿದೆ. ದುಡ್ಡಿನ ಮುಖ ನೋಡಲಿಲ್ಲ. ಕೇಳಿದವರೆಲ್ಲ ಕರಗಿ, ಆರು ಕರೆಗಳ ಅವಾಂತರವನ್ನೂ ಮರೆತರು. ರಾಣೆಬೆನ್ನೂರಿನಲ್ಲಿ ಸಭೆ ಕರೆದು, ಗಿರಿಜಾಳಿಗೆ ಹಾರ ಹಾಕಿ ಕ್ಯಾಂಪಿಗೆ ಬೀಳ್ಕೊಟ್ಟು, ವಿದ್ಯಾಳಿಗೂ ಶಾಲು ಹೊದಿಸಿದರು. ಗೆಲ್ಲುವುದು ದೊಡ್ಡದಲ್ಲ, ಗೆಳತಿಗಾಗಿ ಸೋಲುವುದು ದೊಡ್ಡದು ಎಂದು ಮಾಲತೇಶ ಸರ್ ಭಾಷಣ ಮಾಡಿದರು. ಬೀಬಿಜಾನ್ ಅಜ್ಜಿ ನನ್ನ ಮಗಳ ದೃಷ್ಟಿ ತೆಗೆದರು. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ, ಅವತ್ತು ಯಾರೂ ನನ್ನ ಕೈಗೆ ಏನೂ ಕೊಡಲಿಲ್ಲ.

ಹಾವೇರಿಗೆ ತಿರುಗಿ ಬರುವ ಬಸ್ಸಿನಲ್ಲಿ ವಿದ್ಯಾ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದಳು. ಆಮೇಲೆ, "ಪಪ್ಪಾ, ಎಲ್ಲಾರೂ ತ್ಯಾಗ ತ್ಯಾಗ ಅಂದ್ರಲ್ಲ, ಯಾವುದು ಅದು?" ಎಂದು ಕೇಳಿದಳು. ಗಿರಿಜಾ ಬರಲೆಂದು ನೀನು ಬೇಕಂತಲೇ ನಿಧಾನವಾಗಿ ಓಡಿದ್ದೆಯಲ್ಲ, ಅದು ಎಂದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

"ನಾ ಅವತ್ತ ಜೀವಾ ಬಿಟ್ಟ ಓಡಿದ್ನಿ ಪಪ್ಪಾ, ಆ ಸೀನು ಬಿಡಲಿಲ್ಲ. ಆಕಿ ಬರೂದ್ರಾಗ ಮುಗಿಸಿದ್ರ ನಾನ ಹೋಗ್ತೀನಿ ಅಂತ."

ಹಿಂದಿನ ಸೀಟಿನಲ್ಲಿ ಸುಲೋಚನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಶಾಲು ವಾಪಸ್ ಕೊಡಬೇಕೇನು ಎಂದು ಮಗಳು ಕೇಳಿದಳು. ಬೇಡ, ಹೊದ್ದುಕೋ, ಗಾಳಿ ಬಹಳ ಇದೆ ಎಂದೆ. ಮೂರೂ ಊರುಗಳ ಸುದ್ದಿ ಕಾರ್ಯದರ್ಶಿಯಾಗಿ ನಾನು ಎಷ್ಟೋ ಸುದ್ದಿಗಳನ್ನು ಮುಟ್ಟಿಸಿದ್ದೇನೆ. ಈ ಒಂದು ಸುದ್ದಿಗೆ ಮಾತ್ರ ಇದುವರೆಗೆ ಯಾರಿಗೂ ಒಂದು ಮಿಸ್ಡ್ ಕಾಲ್ ಕೂಡ ಕೊಟ್ಟಿಲ್ಲ.